ಪರದೆ ಇದೆಯೋ ಇಲ್ಲವೋ, ಡ್ರೈವರ್‌ಗೆ ತಿಳಿಸುವುದು ಹೇಗೆ? ನಾಲ್ಕು ದಾರಿಗಳ ಹೋಲಿಕೆ

ಮಳೆಗಾಲ ಶುರುವಾಯಿತೆಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಒಂದೇ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಕರೆಂಟ್ ಹೋಗಿ ಬಂತು, ಕಂಪ್ಯೂಟರ್ ಆನ್ ಆಗಿದೆ, ಟಿವಿಯೂ ಆನ್ ಆಗಿದೆ, ಚಿತ್ರ ಮಾತ್ರ ಇಲ್ಲ. ಅದು ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲಿನ ದರ ತೋರಿಸುವ ಪರದೆ ಇರಬಹುದು. ಕಲ್ಯಾಣ ಮಂಟಪದ ಟಿವಿ ಇರಬಹುದು, ಶಾಲೆಯ ಪ್ರೊಜೆಕ್ಟರ್ ಇರಬಹುದು. ಕೇಬಲ್ ಕಿತ್ತು ಮತ್ತೆ ಹಾಕುತ್ತಾರೆ, ರೀಸ್ಟಾರ್ಟ್ ಮಾಡುತ್ತಾರೆ, ಚಿತ್ರ ಬರುತ್ತದೆ. ಮುಂದಿನ ಸಲ ಕರೆಂಟ್ ಹೋದಾಗ ಮತ್ತೆ ಅದೇ ಕಥೆ.

ಇಂಥ ಕಡೆ ಹೊಸ ಕೇಬಲ್ ತಂದು ಹಾಕುವವರೇ ಜಾಸ್ತಿ. ಎಷ್ಟೋ ಸಲ ಕೇಬಲ್ ಚೆನ್ನಾಗಿಯೇ ಇರುತ್ತದೆ. ಪರದೆ ಇದೆ ಎಂದು ಗ್ರಾಫಿಕ್ಸ್ ಡ್ರೈವರ್‌ಗೆ, ಅಂದರೆ ಚಿತ್ರದ ಚಿಪ್ ನಡೆಸುವ ಪ್ರೋಗ್ರಾಮಿಗೆ, ಗೊತ್ತಾಗಿರುವುದಿಲ್ಲ. ಅಥವಾ ಅದಕ್ಕೆ ಗೊತ್ತಾಗಿದ್ದರೂ ಮುಂದಿನ ಕೆಲಸ ಯಾರೂ ಮಾಡಿರುವುದಿಲ್ಲ. ಸರಿ ಮಾಡಲು ನಾಲ್ಕು ದಾರಿ ಇವೆ: ಬದಲಾವಣೆ ಆದಾಗ ಚಿಪ್ ತಾನೇ ಕೊಡುವ ಕರೆ, ಅಂದರೆ ಇಂಟರಪ್ಟ್ ನಂಬುವುದು, ಆಗಾಗ ತಾನೇ ಹೋಗಿ ನೋಡುವ ಪೋಲಿಂಗ್, ಪರದೆ ಇದ್ದೇ ಇದೆ ಎಂದು ಡ್ರೈವರ್‌ಗೆ ಒತ್ತಾಯದಿಂದ ಹೇಳುವುದು, ಮಧ್ಯೆ ಟಿವಿಯಂತೆ ನಟಿಸುವ ಒಂದು ಎಮ್ಯುಲೇಟರ್ ಸಿಕ್ಕಿಸುವುದು. ನಾನು ಲಿನಕ್ಸ್ ಯಂತ್ರಗಳ ಬಗ್ಗೆ ಬರೆಯುತ್ತಿದ್ದೇನೆ. ಪರದೆಯ ಹಿಂದೆ ಕೂರುವ ರಾಸ್ಪ್‌ಬೆರಿ ಪೈ, ಹಳೆಯ ಇಂಟೆಲ್ ಮಿನಿ ಪಿಸಿ, ಇಂಥವು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒತ್ತಾಯದ ದಾರಿಯನ್ನು ಜನ ಮೊದಲು ಹಿಡಿಯುತ್ತಾರೆ. ಅದು ಕೊನೆಗೆ ಹಿಡಿಯಬೇಕಾದ ದಾರಿ. ಆದರೆ ಕೆಲವು ಜಾಗದಲ್ಲಿ ಅದೇ ಸರಿಯಾದದ್ದು, ಅಲ್ಲಿ ಹಿಂಜರಿಯಲೂಬಾರದು.

ಡ್ರೈವರ್ ಕೇಳುವ ಎರಡು ಪ್ರಶ್ನೆ

ಎಚ್‌ಡಿಎಂಐ ಕನೆಕ್ಟರಿನಲ್ಲಿ 19 ಪಿನ್ ಇವೆ. 18ನೇ ಪಿನ್ನಿನಲ್ಲಿ ಕಂಪ್ಯೂಟರ್ 5 ವೋಲ್ಟ್ ಕೊಡುತ್ತದೆ. ಆ ಕಡೆ ಟಿವಿ ಇದ್ದರೆ 19ನೇ ಪಿನ್ನಿನ ವೋಲ್ಟೇಜ್ ಮೇಲೇರುತ್ತದೆ. ಅದೇ ಹಾಟ್ ಪ್ಲಗ್ ಡಿಟೆಕ್ಟ್, ಚಿಕ್ಕದಾಗಿ ಎಚ್‌ಪಿಡಿ. ಆ ಕಡೆ ಯಾರಾದರೂ ಇದ್ದಾರಾ ಎಂಬ ಪ್ರಶ್ನೆಗೆ ಉತ್ತರ ಇಲ್ಲಿ ಸಿಗುತ್ತದೆ.

ಇರುವವರು ಯಾರು ಎಂಬುದು ಎರಡನೇ ಪ್ರಶ್ನೆ. ಅದಕ್ಕೆ 15 ಮತ್ತು 16ನೇ ಪಿನ್ನುಗಳಲ್ಲಿ ಡಿಡಿಸಿ ಎಂಬ ನಿಧಾನದ ಬಸ್, ಅಂದರೆ ಮಾಹಿತಿ ಸಾಗುವ ತಂತಿಜೋಡಿ, ಇದೆ. ಡ್ರೈವರ್ ಅದರ ಮೂಲಕ ಟಿವಿಯೊಳಗಿನ ಇಡಿಐಡಿ ಓದುತ್ತದೆ. ಟಿವಿ ಯಾವ ಕಂಪನಿಯದು, ಯಾವ ರೆಸಲ್ಯೂಶನ್ ತೋರಿಸಬಲ್ಲದು, ಶಬ್ದ ಬರುತ್ತದೋ ಇಲ್ಲವೋ, ಎಲ್ಲ ಅದರಲ್ಲಿರುತ್ತದೆ. ಮೊದಲ ಭಾಗ 128 ಬೈಟ್. ಸಾಮಾನ್ಯ ಟಿವಿಗಳಲ್ಲಿ ಇನ್ನೊಂದು 128 ಬೈಟಿನ ಭಾಗವೂ ಸೇರಿ 256 ಆಗುತ್ತದೆ.

ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಎಚ್‌ಪಿಡಿ ಮೇಲಿದೆ ಎಂದರೆ ಟಿವಿ ಆನ್ ಆಗಿದೆ ಎಂದೇನಲ್ಲ. ಎಷ್ಟೋ ಟಿವಿಗಳಲ್ಲಿ ಕಂಪ್ಯೂಟರ್ ಕೊಟ್ಟ 5 ವೋಲ್ಟೇ ಒಂದು ರೆಸಿಸ್ಟರ್ ಮೂಲಕ ವಾಪಸ್ ಬರುತ್ತದೆ, ಇಡಿಐಡಿ ಚಿಪ್ ಕೂಡ ಅದೇ 5 ವೋಲ್ಟಿನಲ್ಲಿ ಓಡುತ್ತದೆ. ಟಿವಿಯ ಪ್ಲಗ್ ಗೋಡೆಯಿಂದ ಕಿತ್ತಿದ್ದರೂ ಡ್ರೈವರ್‌ಗೆ ಪರದೆ ಇದೆ ಎಂದೇ ಕಾಣುತ್ತದೆ. ಇನ್ನು ಕೆಲವು ಟಿವಿಗಳು ಸ್ಟ್ಯಾಂಡ್‌ಬೈಗೆ ಹೋದ ಕೂಡಲೇ ಎಚ್‌ಪಿಡಿ ಇಳಿಸಿಬಿಡುತ್ತವೆ. ಕರೆಂಟ್ ಬಂದ ಮೇಲಿನ ಕಪ್ಪು ಪರದೆಗೆ ಕಾರಣ ಸಾಮಾನ್ಯವಾಗಿ ಈ ಎರಡನೇ ಜಾತಿಯ ಟಿವಿ. ಕಂಪ್ಯೂಟರ್ ತಾನಾಗಿ ಬೂಟ್ ಆಗುತ್ತದೆ, ಟಿವಿ ಸ್ಟ್ಯಾಂಡ್‌ಬೈನಲ್ಲೇ ಕೂತಿರುತ್ತದೆ, ಡ್ರೈವರ್ ನೋಡಿದಾಗ ಅಲ್ಲಿ ಯಾರೂ ಇರುವುದಿಲ್ಲ.

ಆರಿಸುವ ಮೊದಲು ನೋಡಬೇಕಾದ್ದು

ಯಂತ್ರದ ಸಿಸ್ ಫೋಲ್ಡರಿನಲ್ಲಿ ಕ್ಲಾಸ್, ಅದರೊಳಗೆ ಡಿಆರ್‌ಎಂ (ಲಿನಕ್ಸಿನ ಗ್ರಾಫಿಕ್ಸ್ ಭಾಗ) ಎಂಬ ಜಾಗ ಇದೆ. ಅಲ್ಲಿ ಪ್ರತಿ ಕನೆಕ್ಟರಿಗೂ ಒಂದೊಂದು ಫೋಲ್ಡರ್. ಅದರಲ್ಲಿ ಸ್ಟೇಟಸ್ ಮತ್ತು ಇಡಿಐಡಿ ಎಂಬ ಎರಡು ಫೈಲ್ ನೋಡಿದರೆ ಸಾಕು. ಪರದೆ ಕಪ್ಪಾಗಿರುವಾಗಲೇ ನೋಡಬೇಕು. ರೀಸ್ಟಾರ್ಟ್ ಮಾಡಿದ ಮೇಲೆ ನೋಡಿದರೆ ಏನೂ ತಿಳಿಯುವುದಿಲ್ಲ. ಬೇರೆ ಕಂಪ್ಯೂಟರಿನಿಂದ ನೆಟ್‌ವರ್ಕ್ ಮೂಲಕ ಎಸ್‌ಎಸ್‌ಎಚ್ ಮಾಡಿ ಒಳಹೋಗುವ ವ್ಯವಸ್ಥೆ ಮೊದಲೇ ಮಾಡಿಟ್ಟುಕೊಳ್ಳಿ.

ಸ್ಟೇಟಸ್‌ನಲ್ಲಿ 'ಡಿಸ್‌ಕನೆಕ್ಟೆಡ್' ಎಂದಿದ್ದರೆ ಮೊದಲ ಪ್ರಶ್ನೆಯಲ್ಲೇ ತೊಂದರೆ. 'ಕನೆಕ್ಟೆಡ್' ಎಂದಿದ್ದು ಇಡಿಐಡಿ ಫೈಲ್ ಖಾಲಿ ಇದ್ದರೆ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಟಿವಿ ಆನ್ ಇದ್ದು, ಎರಡೂ ಸರಿಯಿದ್ದು ಚಿತ್ರ ಮಾತ್ರ ಇಲ್ಲದಿದ್ದರೆ ತೊಂದರೆ ಹೆಚ್ಚಾಗಿ ಡ್ರೈವರ್‌ನಲ್ಲಿಲ್ಲ, ಅದರ ಮೇಲೆ ಓಡುವ ಪ್ರೋಗ್ರಾಮಿನಲ್ಲಿದೆ.

ಇನ್ನೊಂದು ಸುಳಿವು ಕಣ್ಣಿಗೇ ಕಾಣುತ್ತದೆ. ಪರದೆ ಇದೆ ಎಂದು ಗೊತ್ತಾಗಿ ಇಡಿಐಡಿ ಮಾತ್ರ ಸಿಗದಿದ್ದರೆ ಲಿನಕ್ಸಿನ ತಿರುಳಾದ ಕರ್ನಲ್ ತಾನೇ ಒಂದು ಸುರಕ್ಷಿತ ರೆಸಲ್ಯೂಶನ್ ಪಟ್ಟಿ ಕೊಡುತ್ತದೆ. ಅದು 1024×768ಕ್ಕೆ ನಿಲ್ಲುತ್ತದೆ. ಫುಲ್ ಎಚ್‌ಡಿ ಟಿವಿಯಲ್ಲಿ ಅಕ್ಷರ ದಪ್ಪ ದಪ್ಪ ಆಗಿ, ರೆಸಲ್ಯೂಶನ್ ಪಟ್ಟಿಯಲ್ಲಿ 1024×768ಕ್ಕಿಂತ ದೊಡ್ಡದು ಏನೂ ಕಾಣದಿದ್ದರೆ ಡಿಡಿಸಿ ತಂತಿಯನ್ನು ಅನುಮಾನಿಸಿ.

ಇಂಟರಪ್ಟ್: ಕೆಲಸ ಮಾಡುತ್ತಿದ್ದರೆ ಇದನ್ನೇ ಇಟ್ಟುಕೊಳ್ಳಿ

ಎಚ್‌ಪಿಡಿ ಏರಿದಾಗ, ಇಳಿದಾಗ ಚಿಪ್ ಒಂದು ಇಂಟರಪ್ಟ್ ಕೊಡುತ್ತದೆ. ಡ್ರೈವರ್ ಎದ್ದು ಕನೆಕ್ಟರ್ ನೋಡುತ್ತದೆ, ಸ್ಥಿತಿ ಬದಲಾಗಿದ್ದರೆ ಮೇಲೆ ಓಡುವ ಪ್ರೋಗ್ರಾಮುಗಳಿಗೆ ಯುಇವೆಂಟ್ ಎಂಬ ಸುದ್ದಿ ಕಳಿಸುತ್ತದೆ. ಬದಲಾವಣೆ ಆದಾಗ ಮಾತ್ರ ಕೆಲಸ, ಉಳಿದ ಹೊತ್ತು ಸುಮ್ನೆ. ಎಚ್‌ಡಿಎಂಐ, ಡಿವಿಐ, ಡಿಸ್‌ಪ್ಲೇಪೋರ್ಟ್ ಮೂರಕ್ಕೂ ಇದೇ ಮೊದಲ ಆಯ್ಕೆ. ಡಿಸ್‌ಪ್ಲೇಪೋರ್ಟಿನಲ್ಲಂತೂ ಬೇರೆ ದಾರಿ ಹಿಡಿಯಲು ಹೋಗಬೇಡಿ. ಅಲ್ಲಿ ಎಚ್‌ಪಿಡಿ ಅರ್ಧದಿಂದ ಒಂದು ಮಿಲಿಸೆಕೆಂಡ್ ಮಾತ್ರ ಇಳಿದರೆ ಮಾನಿಟರ್ ಏನೋ ಹೇಳುತ್ತಿದೆ ಎಂದರ್ಥ. 2 ಮಿಲಿಸೆಕೆಂಡಿಗಿಂತ ಜಾಸ್ತಿ ಇಳಿದರೆ ಕೇಬಲ್ ಕಿತ್ತಂತೆ. ಅಷ್ಟು ಚಿಕ್ಕ ಸಂಕೇತ ಪೋಲಿಂಗ್‌ನ ಕೈಗೆ ಸಿಗುವುದಿಲ್ಲ.

ಈ ದಾರಿಯ ಬಗ್ಗೆ ಇರುವ ದೂರಿನಲ್ಲಿ ಮುಕ್ಕಾಲು ಪಾಲು ಇದರ ತಪ್ಪೇ ಅಲ್ಲ. ಯುಇವೆಂಟ್ ಕಳಿಸಿದರೆ ಡ್ರೈವರ್ ಕೆಲಸ ಮುಗಿಯಿತು. ಅದನ್ನು ಕೇಳಿಸಿಕೊಂಡು ಹೊಸ ಪರದೆಗೆ ರೆಸಲ್ಯೂಶನ್ ಹಾಕಬೇಕಾದ್ದು ಡೆಸ್ಕ್‌ಟಾಪ್ ಅಥವಾ ಕಂಪೋಸಿಟರ್ (ಪರದೆಯ ಚಿತ್ರ ಜೋಡಿಸುವ ಪ್ರೋಗ್ರಾಮ್). ಪೂರ್ತಿ ಡೆಸ್ಕ್‌ಟಾಪ್ ಇದ್ದರೆ ಅದು ಮಾಡಿಕೊಳ್ಳುತ್ತದೆ. ಜಾಹೀರಾತು ತೋರಿಸುವ ಪೆಟ್ಟಿಗೆಗಳಲ್ಲಿ ಡೆಸ್ಕ್‌ಟಾಪ್ ಇರುವುದಿಲ್ಲ, ಒಂದೇ ಒಂದು ವಿಡಿಯೋ ಪ್ಲೇಯರ್ ನೇರವಾಗಿ ಪರದೆ ಹಿಡಿದಿರುತ್ತದೆ. ಬೂಟ್ ಆದಾಗ ಪರದೆ ಸಿಗದಿದ್ದರೆ ಅದು ಅಲ್ಲೇ ನಿಂತುಹೋಗುತ್ತದೆ. ಆಮೇಲೆ ನೀವು ರಿಮೋಟಿನಿಂದ ಟಿವಿ ಆನ್ ಮಾಡಿದರೆ ಇಂಟರಪ್ಟ್ ಬರುತ್ತದೆ, ಸ್ಟೇಟಸ್ 'ಕನೆಕ್ಟೆಡ್' ಆಗುತ್ತದೆ, ಯುಇವೆಂಟೂ ಹೊರಡುತ್ತದೆ. ಕೇಳುವವರು ಇರುವುದಿಲ್ಲ. ಇಲ್ಲಿ ಡ್ರೈವರ್‌ಗೆ ಒತ್ತಾಯ ಮಾಡುವುದಕ್ಕಿಂತ ಯುಇವೆಂಟ್ ಕೇಳಿಸಿಕೊಳ್ಳುವ ಯುಡೆವ್‌ನಲ್ಲಿ ಒಂದು ನಿಯಮ ಬರೆದು, ಪರದೆ ಬಂದಾಗ ಪ್ಲೇಯರ್ ಮತ್ತೆ ಶುರುವಾಗುವಂತೆ ಮಾಡುವುದು ಒಳ್ಳೆಯದು.

ಇನ್ನು ಮಲೆನಾಡಿನದೇ ಆದ ತೊಂದರೆ, ಕಿಲುಬು. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಬೀಳುತ್ತದೆ. ತಿಂಗಳುಗಟ್ಟಲೆ ಗಾಳಿಯಲ್ಲೇ ನೀರಿರುತ್ತದೆ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಕನೆಕ್ಟರಿನ ಪಿನ್ನು ಉಳಿಯುತ್ತದಾ? ಕಿಲುಬು ಹಿಡಿದ 19ನೇ ಪಿನ್ ಹಿಡಿದೂ ಹಿಡಿಯದಂತೆ ಆಗುತ್ತದೆ. ಎಚ್‌ಪಿಡಿ ಏರುತ್ತ ಇಳಿಯುತ್ತ ಇರುತ್ತದೆ, ಇಂಟರಪ್ಟ್ ಮೇಲೆ ಇಂಟರಪ್ಟ್. ಇದಕ್ಕೆ ಎಚ್‌ಪಿಡಿ ಸ್ಟಾರ್ಮ್ ಎನ್ನುತ್ತಾರೆ. ಇಂಟೆಲ್‌ನ ಐ915 ಡ್ರೈವರ್ ಇದನ್ನು ಚೆನ್ನಾಗಿ ನಿಭಾಯಿಸುತ್ತದೆ. ಒಂದು ಸೆಕೆಂಡಿನೊಳಗೆ ಮಿತಿ ಮೀರಿದರೆ ಆ ಕನೆಕ್ಟರಿನ ಇಂಟರಪ್ಟ್ ನಿಲ್ಲಿಸಿ ಪೋಲಿಂಗ್‌ಗೆ ಹೋಗುತ್ತದೆ. 2 ನಿಮಿಷ ಬಿಟ್ಟು ಮತ್ತೆ ಇಂಟರಪ್ಟ್‌ಗೆ ಮರಳಿ ನೋಡುತ್ತದೆ. ಎಲ್ಲ ಡ್ರೈವರ್‌ಗಳಲ್ಲೂ ಈ ವ್ಯವಸ್ಥೆ ಇಲ್ಲ. ಯುಡೆವ್‌ನ ಮಾನಿಟರ್ ತೆರೆದಿಟ್ಟು ಕೇಬಲ್ಲಿನ ಬುಡವನ್ನು ಮೆಲ್ಲಗೆ ಅಲುಗಾಡಿಸಿ. ಅಲುಗಾಡಿಸಿದಾಗೆಲ್ಲ ಸಾಲು ಸಾಲು ಯುಇವೆಂಟ್ ಬಂದರೆ ಅದು ಸಾಫ್ಟ್‌ವೇರ್ ಸರಿಮಾಡುವ ವಿಷಯವಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಇಲ್ಲವೇ ಕೇಬಲ್ ಬದಲಾಯಿಸಿ. ಇಲ್ಲಿ ಮಾತ್ರ ಕೇಬಲ್ ಬದಲಾಯಿಸುವವರೇ ಸರಿ.

ಪೋಲಿಂಗ್: ವಿಜಿಎಗೆ, ಮತ್ತು ಎಚ್‌ಪಿಡಿ ತಂತಿ ಇಲ್ಲದ ಬೋರ್ಡಿಗೆ

ವಿಜಿಎ ಕನೆಕ್ಟರಿನಲ್ಲಿ ಎಚ್‌ಪಿಡಿ ಎಂಬ ಪಿನ್ನೇ ಇಲ್ಲ. ಹಳ್ಳಿ ಶಾಲೆಗಳ ಪ್ರೊಜೆಕ್ಟರುಗಳಲ್ಲಿ ವಿಜಿಎ ಇನ್ನೂ ಬದುಕಿದೆ. ಹಾಗಾಗಿ ಇದು ಹಳೇ ಕಾಲದ ಮಾತಲ್ಲ. ಅಲ್ಲಿ ಡ್ರೈವರ್ ತಾನೇ ಆಗಾಗ ಹೋಗಿ ಡಿಡಿಸಿಯಲ್ಲಿ ಯಾರಾದರೂ ಉತ್ತರ ಕೊಡುತ್ತಾರಾ ಎಂದು ಕೇಳಬೇಕು. ಲಿನಕ್ಸಿನ ಸಹಾಯಕ ಕೋಡ್ ಇದನ್ನು 10 ಸೆಕೆಂಡಿಗೊಮ್ಮೆ ಮಾಡುತ್ತದೆ. ಮೇಷ್ಟ್ರು ಕೇಬಲ್ ಸಿಕ್ಕಿಸಿ ಎರಡು ಸೆಕೆಂಡ್ ಕಾದು, ಬರಲಿಲ್ಲ ಎಂದು ಕಿತ್ತರೆ ಅದು ಗೊತ್ತಾಗುವುದೇ ಇಲ್ಲ. ಪ್ರೊಜೆಕ್ಟರ್ ಪಕ್ಕದಲ್ಲಿ 'ಕೇಬಲ್ ಹಾಕಿ ಹತ್ತು ಸೆಕೆಂಡ್ ಕಾಯಿರಿ' ಎಂದು ಒಂದು ಚೀಟಿ ಅಂಟಿಸಿ, ಅದರಿಂದ ಎಷ್ಟೋ ಜಗಳ ತಪ್ಪುತ್ತದೆ.

ಡಿಡಿಸಿಯೂ ಉತ್ತರ ಕೊಡದಿದ್ದರೆ ಲೋಡ್ ಡಿಟೆಕ್ಷನ್ ಇದೆ. ಮಾನಿಟರಿನ ಒಳಗೆ ಬಣ್ಣದ ತಂತಿಗಳಿಗೆ 75 ಓಮ್ ರೆಸಿಸ್ಟರ್ ಇರುತ್ತದೆ. ಚಿಪ್ ಒಂದು ಸಂಕೇತ ಕಳಿಸಿ ವೋಲ್ಟೇಜ್ ನೋಡಿದರೆ ಆ ಕಡೆ ರೆಸಿಸ್ಟರ್ ಇದೆಯೋ ಇಲ್ಲವೋ ತಿಳಿಯುತ್ತದೆ. ಆದರೆ ಹೀಗೆ ನೋಡುವಾಗ ಪರದೆ ಮಿನುಗಬಹುದು. ಅದಕ್ಕೇ ಪೋಲಿಂಗ್ ಸಮಯದಲ್ಲಿ ಡ್ರೈವರ್ ಇದನ್ನು ಮಾಡುವುದಿಲ್ಲ, 'ಅನ್‌ನೋನ್' ಎಂದು ಹೇಳಿ ಬಿಡುತ್ತದೆ. ನೀವಾಗಿ ಕೇಳಿದಾಗ ಮಾತ್ರ ಮಾಡುತ್ತದೆ. ಸ್ಟೇಟಸ್ ಫೈಲಿಗೆ 'ಡಿಟೆಕ್ಟ್' ಎಂಬ ಪದ ಬರೆದರೆ ಕೇಳಿದಂತೆ.

ಪೋಲಿಂಗ್‌ಗೆ ಬೆಲೆ ಇದೆ. 100 ಕಿಲೋಹರ್ಟ್ಸ್ ವೇಗದಲ್ಲಿ 128 ಬೈಟ್ ಓದಲು ಹನ್ನೊಂದೂವರೆ ಮಿಲಿಸೆಕೆಂಡ್ ಬೇಕು. ಒಳ್ಳೆಯ ಚಿಪ್‌ನಲ್ಲಿ ಇದು ಲೆಕ್ಕಕ್ಕಿಲ್ಲ. ಡಿಡಿಸಿಯನ್ನು ಸಿಪಿಯುವೇ ಬಿಟ್ ಬಿಟ್ ಆಗಿ ನಡೆಸುವ ಹಳೆ ಯಂತ್ರಗಳಲ್ಲಿ 10 ಸೆಕೆಂಡಿಗೊಮ್ಮೆ ವಿಡಿಯೋ ಒಂಚೂರು ತಡವರಿಸುವುದು ಕಾಣುತ್ತದೆ. ಅಂಥ ಕಡೆ, ಕೇಬಲ್ ಯಾವತ್ತೂ ಬದಲಾಗದಿದ್ದರೆ, ಆ ಸಹಾಯಕ ಕೋಡಿನ, ಅಂದರೆ ಕೆಎಂಎಸ್ ಹೆಲ್ಪರಿನ, ಪೋಲ್ ಎಂಬ ಪ್ಯಾರಾಮೀಟರ್ ಸೊನ್ನೆ ಮಾಡಿ ಪೋಲಿಂಗ್ ನಿಲ್ಲಿಸಬಹುದು.

ಒತ್ತಾಯ: ಒಂಟಿಯಾಗಿ ಬೇಡ, ಇಡಿಐಡಿ ಫೈಲ್ ಜೊತೆಗೆ

ಗೋಡೆಗೆ ಬೋಲ್ಟ್ ಹಾಕಿದ ಟಿವಿ, ಅದರ ಬೆನ್ನಿಗೇ ಅಂಟಿಸಿದ ಪೆಟ್ಟಿಗೆ, ಮಧ್ಯೆ ಒಂದು ಗೇಣು ಕೇಬಲ್. ಇಲ್ಲಿ 'ಪರದೆ ಹೋಯಿತು' ಎಂಬ ಸುದ್ದಿಗೆ ಅರ್ಥವೇ ಇಲ್ಲ. ಹೋದರೂ ಯಂತ್ರ ಮಾಡಬೇಕಾದ ಬೇರೆ ಕೆಲಸವಿಲ್ಲ. ದರದ ಪರದೆ, ಬಸ್ ವೇಳಾಪಟ್ಟಿಯ ಪರದೆ, ಮಂಟಪದ ಜಾಹೀರಾತು ಟಿವಿ, ಇವೆಲ್ಲ ಈ ಗುಂಪು. ಇಂಥ ಕಡೆ ಒತ್ತಾಯವೇ ಸರಿ. ಲ್ಯಾಪ್‌ಟಾಪಿಗೆ, ಸೆಮಿನಾರ್ ಹಾಲಿಗೆ, ಎರಡು ಮಾನಿಟರ್ ಇರುವ ಮೇಜಿಗೆ ಇದು ಖಂಡಿತ ಬೇಡ. ಇಲ್ಲದ ಪರದೆಗೆ ಪ್ರೋಗ್ರಾಮುಗಳ ಕಿಟಕಿಗಳು ಹೋಗಿ ಕೂತುಕೊಳ್ಳುತ್ತವೆ.

ಮಾಡುವುದು ಸುಲಭ. ಕರ್ನಲ್ ಬೂಟ್ ಸಾಲಿನಲ್ಲಿ ವಿಡಿಯೋ ಎಂಬ ಪ್ಯಾರಾಮೀಟರಿಗೆ ಕನೆಕ್ಟರಿನ ಹೆಸರು ಮತ್ತು ರೆಸಲ್ಯೂಶನ್ ಕೊಟ್ಟು, ಕೊನೆಗೆ ಇಂಗ್ಲಿಷಿನ ಒಂದು ಅಕ್ಷರ ಸೇರಿಸುತ್ತೀರಿ. ಸಣ್ಣ ಇ ಎಂದರೆ ಆನ್, ದೊಡ್ಡ ಡಿ ಎಂದರೆ ಡಿಜಿಟಲ್ ಆಗಿ ಆನ್, ಸಣ್ಣ ಡಿ ಎಂದರೆ ಆಫ್. ದೊಡ್ಡ ಡಿ, ಸಣ್ಣ ಡಿ ಅದಲು ಬದಲಾದರೆ ಪೂರ್ತಿ ಉಲ್ಟಾ ಆಗುತ್ತದೆ, ಎರಡು ಸಲ ನೋಡಿ. ಬೂಟ್ ಸಾಲು ಮುಟ್ಟುವ ಮೊದಲು ಸ್ಟೇಟಸ್ ಫೈಲಿಗೆ 'ಆನ್' ಎಂದು ಬರೆದು ಪ್ರಯೋಗ ಮಾಡಿ. ಅದು ರೀಸ್ಟಾರ್ಟ್ ಆದರೆ ಅಳಿಸಿಹೋಗುತ್ತದೆ, ಏನೂ ಕೆಡುವುದಿಲ್ಲ. ರಾಸ್ಪ್‌ಬೆರಿ ಪೈ ಬಳಸುವವರಿಗೆ ಒಂದು ಮಾತು: ಕಾನ್ಫಿಗ್ ಫೈಲಿನಲ್ಲಿ 'ಎಚ್‌ಡಿಎಂಐ ಫೋರ್ಸ್ ಹಾಟ್‌ಪ್ಲಗ್' ಹಾಕುವ ಹಳೆಯ ಸಲಹೆ ಎಲ್ಲ ಕಡೆ ಸಿಗುತ್ತದೆ. ಈಗಿನ ಕೆಎಂಎಸ್ ಡ್ರೈವರ್ ಅದನ್ನು ನೋಡುವುದಿಲ್ಲ. ಅಲ್ಲೂ ವಿಡಿಯೋ ಪ್ಯಾರಾಮೀಟರೇ ಬೇಕು, ಅದೂ ಬೂಟ್ ಸಾಲಿನ ಒಂದೇ ಗೆರೆಯಲ್ಲಿ.

ಇಷ್ಟು ಮಾಡಿದರೆ ಚಿತ್ರ ಬರುತ್ತದೆ. ಆಮೇಲೆ ಫೋನ್ ಬರುತ್ತದೆ: "ಚಿತ್ರ ಇದೆ ಸರ್, ಸೌಂಡ್ ಇಲ್ಲ." ಒತ್ತಾಯ ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಬೂಟ್ ಹೊತ್ತಿಗೆ ಟಿವಿ ಮಲಗಿದ್ದರೆ ಇಡಿಐಡಿ ಸಿಗದೆ ಇರಬಹುದು. ಟಿವಿಗೆ ಎಚ್‌ಡಿಎಂಐ ಶಬ್ದ ಬರುತ್ತದೆ ಎಂದು ಡ್ರೈವರ್‌ಗೆ ತಿಳಿಯುವುದೇ ಇಡಿಐಡಿಯಿಂದ. ಅದಿಲ್ಲದಿದ್ದರೆ ಡಿವಿಐ ಮಾನಿಟರ್ ಎಂದುಕೊಂಡು ಚಿತ್ರವಷ್ಟೇ ಕಳಿಸುತ್ತದೆ. ಹಾಗಾಗಿ ಟಿವಿ ಆನ್ ಇರುವಾಗ ಸಿಸ್ ಫೋಲ್ಡರಿನ ಇಡಿಐಡಿ ಫೈಲನ್ನು ಕಾಪಿ ಮಾಡಿ ಫರ್ಮ್‌ವೇರ್ ಫೋಲ್ಡರಿನಲ್ಲಿಡಿ. ಇಡಿಐಡಿ ಫರ್ಮ್‌ವೇರ್ ಎಂಬ ಡಿಆರ್‌ಎಂ ಪ್ಯಾರಾಮೀಟರಿನಲ್ಲಿ ಅದರ ಹೆಸರು ಕೊಡಿ. ಡ್ರೈವರ್ ಇನಿಟ್‌ರಾಮ್‌ಎಫ್‌ಎಸ್‌ನಲ್ಲೇ (ಬೂಟ್ ಶುರುವಿಗೆ ಬಳಸುವ ಪುಟ್ಟ ಫೈಲ್ ಕಟ್ಟು) ಲೋಡ್ ಆಗುವುದಾದರೆ ಫೈಲನ್ನು ಅದರೊಳಗೂ ಸೇರಿಸಬೇಕು. ಇಲ್ಲದಿದ್ದರೆ ಬೇಕಾದ ಹೊತ್ತಿಗೆ ಫೈಲ್ ಸಿಗುವುದಿಲ್ಲ.

4ಕೆ ಟಿವಿ ಇದ್ದರೆ ಇನ್ನೊಂದು ಎಚ್ಚರ ಬೇಕು. 4ಕೆ 60 ಹರ್ಟ್ಸ್‌ನಂಥ ವೇಗದಲ್ಲಿ, ಅಂದರೆ 340 ಮೆಗಾಹರ್ಟ್ಸ್ ದಾಟಿದ ಮೇಲೆ, ಎಚ್‌ಡಿಎಂಐ 2.0 ಸಂಕೇತವನ್ನು ಸ್ಕ್ರ್ಯಾಂಬಲ್ ಮಾಡುತ್ತದೆ, ಅಂದರೆ ಕಲಸಿ ಕಳಿಸುತ್ತದೆ. ಹಾಗೆ ಮಾಡುತ್ತಿದ್ದೇನೆ ಎಂದು ಕಂಪ್ಯೂಟರ್ ಟಿವಿಗೆ ಡಿಡಿಸಿ ಮೂಲಕ ಮೊದಲೇ ಹೇಳಬೇಕು. ಟಿವಿಯ ಕರೆಂಟ್ ಹೋಗಿ ಬಂದರೆ ಅದು ಈ ಮಾತನ್ನು ಮರೆಯುತ್ತದೆ. ಮಾಮೂಲಿ ದಾರಿಯಲ್ಲಿ ಎಚ್‌ಪಿಡಿ ಇಳಿದು ಏರಿದ್ದನ್ನು ನೋಡಿ ಡ್ರೈವರ್ ಮತ್ತೆ ಹೇಳುತ್ತದೆ. ಒತ್ತಾಯ ಮಾಡಿಟ್ಟಾಗ ಡ್ರೈವರ್ ನೋಡುವುದನ್ನೇ ಬಿಟ್ಟಿರುತ್ತದೆ. ಕಂಪ್ಯೂಟರ್ ಯುಪಿಎಸ್ ಮೇಲೆ, ಟಿವಿ ನೇರ ಕರೆಂಟಿನ ಮೇಲೆ ಇರುವ ಕಡೆ ಈ ಬಲೆಗೆ ಬೀಳುವುದು ಸುಲಭ. ಎರಡನ್ನೂ ಒಂದೇ ಯುಪಿಎಸ್‌ಗೆ ಹಾಕಿ, ಇಲ್ಲವೇ 1080ಪಿ 60 ಹರ್ಟ್ಸ್‌ಗೆ ಇಳಿಸಿ. ಅದಕ್ಕೆ 148.5 ಮೆಗಾಹರ್ಟ್ಸ್ ಸಾಕು, ಸ್ಕ್ರ್ಯಾಂಬಲ್ ಬೇಕಿಲ್ಲ. ದರದ ಪಟ್ಟಿಗೆ, ಮದುವೆಯ ಸ್ಲೈಡ್‌ಶೋಗೆ 1080ಪಿ ಧಾರಾಳ.

ಟಿವಿ ಬದಲಾದ ದಿನ ಇಡಿಐಡಿ ಫೈಲೂ ಬದಲಾಗಬೇಕು. ಮಿಂಚು ಹೊಡೆದು ಟಿವಿ ಸುಟ್ಟು ಹೊಸದು ಬಂದಾಗ ಇದು ಯಾರಿಗೂ ನೆನಪಿರುವುದಿಲ್ಲ. ಪೆಟ್ಟಿಗೆಯ ಮೇಲೆ ಕನ್ನಡದಲ್ಲೇ ಬರೆದಿಡಿ: ಯಾವ ಟಿವಿಯ ಫೈಲ್, ಎಲ್ಲಿದೆ, ತೆಗೆಯುವುದು ಹೇಗೆ.

ಎಮ್ಯುಲೇಟರ್

ಕೇಬಲ್ಲಿನ ಮಧ್ಯೆ ಸಿಕ್ಕಿಸುವ ಚಿಕ್ಕ ತುಂಡು ಇದು. ಎಚ್‌ಪಿಡಿಯನ್ನು ಸದಾ ಮೇಲಿಟ್ಟು ತನ್ನೊಳಗಿನ ಇಡಿಐಡಿ ಕೊಡುತ್ತದೆ. ಯಂತ್ರದ ಸಾಫ್ಟ್‌ವೇರ್ ಮುಟ್ಟುವ ಅನುಮತಿ ಇಲ್ಲದಿದ್ದರೆ, ಅಥವಾ ವಿಂಡೋಸ್, ಲಿನಕ್ಸ್ ಎರಡೂ ಓಡುವುದಾದರೆ ಇದು ಅನುಕೂಲ. ಒತ್ತಾಯದ ಎಲ್ಲ ಕುಂದೂ ಇದಕ್ಕೂ ಇದೆ, ಮೇಲೆ ಕಿಲುಬು ಹಿಡಿಯಲು ಇನ್ನೊಂದು ಜೋಡಿ ಕನೆಕ್ಟರ್. ಬೂಟ್ ಸಾಲು ಬದಲಾಯಿಸಲು ಸಾಧ್ಯವಿದ್ದರೆ ನಾನು ಇದನ್ನು ಆರಿಸುವುದಿಲ್ಲ.

ಡ್ರೈವರ್ ಬರೆಯುವವರಿಗೆ

ಶಿವಮೊಗ್ಗದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬೋರ್ಡ್ ಹಿಡಿದು ಕೂತ ಹುಡುಗರು, ಹುಡುಗಿಯರು ಇದನ್ನು ಓದುತ್ತಿದ್ದರೆ ನಿಮಗೂ ಇದೇ ಆಯ್ಕೆ ಎದುರಾಗುತ್ತದೆ, ಕೋಡಿನ ರೂಪದಲ್ಲಿ. ಕನೆಕ್ಟರಿನ ಪೋಲ್ಡ್ ಎಂಬ ಫೀಲ್ಡಿನಲ್ಲಿ ಮೂರು ಫ್ಲ್ಯಾಗ್ ಇವೆ: ಎಚ್‌ಪಿಡಿ, ಕನೆಕ್ಟ್, ಡಿಸ್‌ಕನೆಕ್ಟ್. ಎಚ್‌ಪಿಡಿ ಹಾಕಿದ ಮೇಲೆ ಉಳಿದೆರಡು ಹಾಕಬಾರದು. ಡಿಸ್‌ಕನೆಕ್ಟ್ ಹಾಕಿದರೆ ಪರದೆ ಓಡುತ್ತಿರುವಾಗಲೂ ಮಿನುಗದಂತೆ ನೋಡಬಲ್ಲೆ ಎಂದು ನೀವು ಮಾತು ಕೊಟ್ಟಂತೆ. ವಿಜಿಎಗೆ ಆ ಮಾತು ಕೊಡುವ ಮೊದಲು ಚೆನ್ನಾಗಿ ಪರೀಕ್ಷೆ ಮಾಡಿ. ಬೋರ್ಡಿಗೇ ಅಂಟಿದ ಪ್ಯಾನಲ್ ಆದರೆ ಡಿಟೆಕ್ಟ್ ಫಂಕ್ಷನ್ನೇ ಬೇಡ. ಅದಿಲ್ಲದಿದ್ದರೆ ಸಹಾಯಕ ಕೋಡ್ ಸದಾ 'ಕನೆಕ್ಟೆಡ್' ಎಂದೇ ಹಿಡಿಯುತ್ತದೆ.

ಚಿಪ್‌ನಲ್ಲಿ ಎಚ್‌ಪಿಡಿ ಇಂಟರಪ್ಟ್ ಇಲ್ಲ ಎಂದು ತಕ್ಷಣ ಪೋಲಿಂಗ್‌ಗೆ ಹೋಗಬೇಡಿ. ಬೋರ್ಡಿನ ಸರ್ಕ್ಯೂಟ್ ಚಿತ್ರ ತೆಗೆದು 19ನೇ ಪಿನ್ ಎಲ್ಲಿಗೆ ಹೋಗಿದೆ ನೋಡಿ. ಅದು ಒಂದು ಜಿಪಿಐಒಗೆ (ಚಿಪ್‌ನ ಸಾಮಾನ್ಯ ಬಳಕೆಯ ಪಿನ್ನಿಗೆ) ಹೋಗಿದ್ದರೆ, ಬೋರ್ಡಿನ ವಿವರ ಬರೆಯುವ ಡಿವೈಸ್ ಟ್ರೀಯಲ್ಲಿ ಎಚ್‌ಡಿಎಂಐ ಕನೆಕ್ಟರಿಗೆ ಎಚ್‌ಪಿಡಿ ಜಿಪಿಐಒ ಎಂದು ಬರೆದರೆ ಸಾಕು, ಉಳಿದದ್ದು ಮೊದಲೇ ಇರುವ ಡಿಸ್‌ಪ್ಲೇ ಕನೆಕ್ಟರ್ ಡ್ರೈವರ್ ನೋಡಿಕೊಳ್ಳುತ್ತದೆ.

ಇಂಟರಪ್ಟ್ ಹ್ಯಾಂಡ್ಲರ್ ಒಳಗೇ ಇಡಿಐಡಿ ಓದಬಾರದು. ಡಿಡಿಸಿ ಓದುವುದು ಕಾಯುತ್ತ ನಿದ್ದೆ ಮಾಡುವ (ಸ್ಲೀಪ್) ಕೆಲಸ, ಅದನ್ನು ಥ್ರೆಡ್ಡಿಗೋ ವರ್ಕ್‌ಕ್ಯೂಗೋ ಬಿಡಿ. ಕೈಯಲ್ಲಿ ಕೇಬಲ್ ಸಿಕ್ಕಿಸುವಾಗ ಪಿನ್ನುಗಳೆಲ್ಲ ಒಟ್ಟಿಗೆ ಕೂರುವುದಿಲ್ಲ. ಎಚ್‌ಪಿಡಿ ಏರಿದ ಆ ಕ್ಷಣಕ್ಕೆ ಡಿಡಿಸಿ ಸಿಗದೆ ಹೋಗಬಹುದು. ಐ915ನಲ್ಲಿ ಮೊದಲ ಸಲ ಬದಲಾವಣೆ ಕಾಣದಿದ್ದರೆ ಒಂದು ಸೆಕೆಂಡ್ ಬಿಟ್ಟು ಇನ್ನೊಮ್ಮೆ ನೋಡುವ ವ್ಯವಸ್ಥೆ ಇದೆ. ಆ ಒಂದು ಮರುಪ್ರಯತ್ನ ನಿಮ್ಮ ಡ್ರೈವರ್‌ನಲ್ಲೂ ಇರಲಿ.

ಕೊನೆಗೆ ಸಸ್ಪೆಂಡ್. ಯಂತ್ರ ಮಲಗಿದ್ದಾಗ ಬಂದ ಎಚ್‌ಪಿಡಿ ಬದಲಾವಣೆ ಇಂಟರಪ್ಟ್ ಆಗಿ ತಲುಪದೆ ಹೋಗಬಹುದು. ಎದ್ದ ಕೂಡಲೇ ಡ್ರೈವರ್ ಎಲ್ಲ ಕನೆಕ್ಟರನ್ನೂ ತಾನಾಗಿ ನೋಡಬೇಕು. 'ಕನೆಕ್ಟೆಡ್' ಇದ್ದದ್ದು 'ಕನೆಕ್ಟೆಡ್' ಆಗಿಯೇ ಇದೆ ಎಂದು ಬಿಟ್ಟರೂ ಆಗದು, ಮಧ್ಯೆ ಯಾರೋ ಮಾನಿಟರ್ ಬದಲಾಯಿಸಿರಬಹುದು. ಇಡಿಐಡಿಯನ್ನೂ ಹೋಲಿಸಿ ನೋಡಬೇಕು. ಪರೀಕ್ಷೆ ಮಾಡಲು ಬೇರೆ ಬೇರೆ ರೆಸಲ್ಯೂಶನ್ನಿನ ಎರಡು ಮಾನಿಟರ್ ಇಟ್ಟುಕೊಳ್ಳಿ. ಸಸ್ಪೆಂಡ್ ಮಾಡಿ, ಒಂದರ ಕೇಬಲ್ ಕಿತ್ತು ಇನ್ನೊಂದಕ್ಕೆ ಹಾಕಿ, ಎಬ್ಬಿಸಿ. ಹೊಸ ಮಾನಿಟರಿನ ರೆಸಲ್ಯೂಶನ್ ಪಟ್ಟಿ ಬಂದರೆ ನಿಮ್ಮ ಕೋಡ್ ಸರಿಯಿದೆ. ಹಳೆಯದೇ ಬಂದರೆ ರೆಸ್ಯೂಮ್ ಫಂಕ್ಷನ್ ತೆರೆದು ಅಲ್ಲಿಂದ ಹುಡುಕಲು ಶುರು ಮಾಡಿ.